ನಿಡುಗಲ್ಲಿನ ಇರುಂಗೋಳ

ಪಾವಗಡ ತಾಲ್ಲೂಕಿನ ನಿಡುಗಲ್ ಬೆಟ್ಟ ಹತ್ತಿ ಸೆಲ್ಫಿ ತೆಗೆದುಕೊಂಡವರನ್ನು ಎರಡನೇ ಇರುಂಗೋಳ ಯಾರೆಂದು ಕೇಳಿ ನೋಡಿ, ತಲೆ ಕೆರೆದುಕೊಳ್ಳುತ್ತಾರೆ. ಆ ಕೋಟೆಯಿಂದ ಆಳಿದವನು ಅವನೇ.

ಅವನದು ಚೋಳ ವಂಶ. ತಂಜಾವೂರಿನವರಲ್ಲ, ಕನ್ನಡದಲ್ಲೇ ಶಾಸನ ಬರೆಸಿದ ನಮ್ಮ ಸೀಮೆಯ ಚೋಳರು. ಆದರೂ ತಾವು ಕರಿಕಾಲ ಚೋಳನ ಕುಲದವರು, ಓರೆಯೂರಿನ ಒಡೆಯರು ಎಂದು ಬಿರುದು ಧರಿಸಿದ್ದರು. ಓರೆಯೂರು ಇರುವುದು ದೂರದ ತಿರುಚಿರಾಪಳ್ಳಿಯಲ್ಲಿ! ಹೊಯ್ಸಳರಂಥ ಬಲಿಷ್ಠರ ಮಗ್ಗುಲಲ್ಲಿ ಪುಟ್ಟ ಸೀಮೆ ಉಳಿಸಿಕೊಳ್ಳಬೇಕಾದವರಿಗೆ ಮನೆತನದ ಹೆಸರೂ ಒಂದು ಕೋಟೆಯೇ ಆಗಿತ್ತು ಅನ್ನಿಸುತ್ತದೆ.

ನಿಡುಗಲ್ಲಿನ 1232ರ ಶಾಸನ ಮಂಗಿ ಎಂಬ ಹಿರಿಯನಿಂದ ಹಿಡಿದು ಇವನ ವಂಶಾವಳಿ ಕೊಡುತ್ತದೆ. ಅಜ್ಜ ಭೋಗ, ತಂದೆ ಬರ್ಮ. ತಾಯಿ ಬಾಚಲದೇವಿಯ ಹೆಸರನ್ನೂ ಬಿಡದೆ ಕೆತ್ತಿಸಿರುವುದು ನನಗೆ ಹಿಡಿಸಿತು. ಮುತ್ತಜ್ಜನೂ ಇರುಂಗೋಳನೇ, ವಿಷ್ಣುವರ್ಧನ ಗೆದ್ದೆನೆಂದು ಹೇಳಿಕೊಂಡದ್ದು ಬಹುಶಃ ಆತನನ್ನು. ಸೋತವನ ಹೆಸರನ್ನೇ ಮರಿಮಗನಿಗೆ ಇಟ್ಟರು!

ಆ ಶಾಸನ ಹುಟ್ಟಿದ್ದು ಬಸದಿಯೊಂದಕ್ಕಾಗಿ. ಇರುಂಗೋಳನ ಕೈಕೆಳಗಿದ್ದ ಗಂಗೇಯನ ಮಾರೆಯ ಬೆಟ್ಟದ ಮೇಲೆ ಪಾರ್ಶ್ವನಾಥ ಬಸದಿ ಕಟ್ಟಿಸಿದ. ಅವನು ಕೇಳಿಕೊಂಡಾಗ ದೊರೆ ಭೂಮಿ ಬಿಟ್ಟುಕೊಟ್ಟ, ಒಕ್ಕಲಿಗರೂ ತಮ್ಮ ಪಾಲು ಸೇರಿಸಿದರು.

ಹೊಯ್ಸಳರು ಮಾತ್ರ ಸುಮ್ಮನಾಗಲಿಲ್ಲ. 1285ರಲ್ಲಿ ಮೂರನೇ ನರಸಿಂಹನ ಸೇನೆ ನಿಡುಗಲ್ಲಿನ ಮೇಲೆ ಏರಿ ಬಂತು.