ಜಿಪುಣ ಎನಿಸಿಕೊಂಡ ನಿಜಾಮ ವಿದ್ಯೆಗೆ ಕೈಬಿಚ್ಚಿ ಕೊಟ್ಟ: ಆದರೆ ಕನ್ನಡದ ಮಕ್ಕಳಿಗೆ ಸಿಕ್ಕಿದ್ದೇನು?

ಹೈದರಾಬಾದ್: ಕಲಬುರಗಿ, ರಾಯಚೂರು, ಬೀದರ್ ಕಡೆಯ ಯುವಜನರಿಗೆ ಹೈದರಾಬಾದ್ ಎಂದರೆ ಮೊದಲು ನೆನಪಾಗುವುದು ಅಮೀರ್‌ಪೇಟ್. ಸಾಫ್ಟ್‌ವೇರ್ ಕೋಚಿಂಗ್ ಸೆಂಟರ್‌ಗಳು, ಸಾಲುಸಾಲು ಹಾಸ್ಟೆಲ್‌ಗಳು ಇಲ್ಲಿವೆ. ಇಲ್ಲಿಂದ ನಾಗೋಲ್ ಕಡೆಗೆ ಹೋಗುವ ಮೆಟ್ರೋ ಹತ್ತಿ ತಾರ್ನಾಕಾದಲ್ಲಿ ಇಳಿದರೆ ಉಸ್ಮಾನಿಯಾ ವಿಶ್ವವಿದ್ಯಾಲಯ ಹತ್ತಿರ. ಅದಕ್ಕೆ ಹೆಸರು ಕೊಟ್ಟವರು ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್.

1886ರ ಏಪ್ರಿಲ್ 6ರಂದು ಜನಿಸಿದ ಅವರು 1911ರಲ್ಲಿ ಪಟ್ಟಕ್ಕೆ ಬಂದಾಗ ವಯಸ್ಸು 25. 1937ರಲ್ಲಿ ಟೈಮ್ ಪತ್ರಿಕೆ ಅವರನ್ನು ಜಗತ್ತಿನ ಅತಿ ಶ್ರೀಮಂತ ಎಂದು ಮುಖಪುಟದಲ್ಲಿ ತೋರಿಸಿತು. ಆದರೆ ಊರಲ್ಲಿ ಹಬ್ಬಿದ್ದು ಅವರ ಜಿಪುಣತನದ ಕಥೆಗಳೇ. ಹಳೆಯ ಶೇರ್ವಾನಿ, ಸವೆದ ಟೋಪಿ ತೊಟ್ಟು ಕಿಂಗ್ ಕೋಠಿ ಅರಮನೆಯಲ್ಲಿ ದಿನ ಕಳೆಯುತ್ತಿದ್ದರು. ಶಿಕ್ಷಣದ ವಿಷಯಕ್ಕೆ ಬಂದರೆ ಮಾತ್ರ ಲೆಕ್ಕವೇ ಬೇರೆ.

ಉರ್ದುವಿನಲ್ಲೇ ವಿಜ್ಞಾನ, ವೈದ್ಯಕೀಯ

ಅಧಿಕಾರಿ ಅಕ್ಬರ್ ಹೈದರಿ ಮುಂದಿಟ್ಟ ಪ್ರಸ್ತಾವಕ್ಕೆ ಒಪ್ಪಿ 1917ರ ಏಪ್ರಿಲ್‌ನಲ್ಲಿ ನಿಜಾಮರು ವಿವಿ ಸ್ಥಾಪನೆಗೆ ಫರ್ಮಾನು ಹೊರಡಿಸಿದರು. ದೇಶದ ಉಳಿದ ವಿವಿಗಳಲ್ಲಿ ಇಂಗ್ಲಿಷ್ ಬೋಧನೆ ನಡೆಯುತ್ತಿದ್ದ ಕಾಲದಲ್ಲಿ ಇಲ್ಲಿ ಉರ್ದು ಮಾಧ್ಯಮ ಬಂತು. ಪಠ್ಯಪುಸ್ತಕಗಳಿಗಾಗಿ ಭಾಷಾಂತರ ಸಂಸ್ಥೆಯೊಂದು ಹುಟ್ಟಿ, ವಿಜ್ಞಾನ, ಕಾನೂನು, ವೈದ್ಯಕೀಯ ಗ್ರಂಥಗಳು ಉರ್ದುವಿಗೆ ಬಂದವು. ಇಂದು ಕಾಣುವ ಆರ್ಟ್ಸ್ ಕಾಲೇಜಿನ ಭವ್ಯ ಕಟ್ಟಡ 1939ರಲ್ಲಿ ಉದ್ಘಾಟನೆಯಾಯಿತು.

ಮಹಾಭಾರತ ಸಂಶೋಧನೆಗೂ ನೆರವು

ಅವರ ಕೊಡುಗೆ ತಮ್ಮ ರಾಜ್ಯಕ್ಕಷ್ಟೇ ಸೀಮಿತವಾಗಿರಲಿಲ್ಲ. ಬನಾರಸ್ ಹಿಂದೂ ವಿವಿ ಮತ್ತು ಶಾಂತಿನಿಕೇತನದ ವಿಶ್ವಭಾರತಿಗೆ ದೇಣಿಗೆ ಹೋಯಿತು. ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನಾ ಸಂಸ್ಥೆ ನೂರಾರು ಹಸ್ತಪ್ರತಿಗಳನ್ನು ಹೋಲಿಸಿ ಮಹಾಭಾರತದ ಪರಿಷ್ಕೃತ ಆವೃತ್ತಿ ಸಿದ್ಧಪಡಿಸುತ್ತಿತ್ತು. 1930ರ ದಶಕದಲ್ಲಿ ಆ ಕೆಲಸಕ್ಕೆ ವರ್ಷಕ್ಕಿಷ್ಟು ಎಂದು ನಿಜಾಮರ ಅನುದಾನ ಬಂತು. ವಿದ್ವಾಂಸರು ತಂಗಲು ಅತಿಥಿಗೃಹವೂ ಆಯಿತು. ಇಂತಹ ಸಂಶೋಧನೆ ಒಂದೆರಡು ವರ್ಷದಲ್ಲಿ ಮುಗಿಯುವಂಥದ್ದಲ್ಲ. 1919ರಲ್ಲಿ ಆರಂಭವಾದ ಈ ಕೆಲಸ ಪೂರ್ಣಗೊಂಡಿದ್ದು 1966ರಲ್ಲಿ. ಒಮ್ಮೆ ಕೊಟ್ಟು ಮರೆಯುವ ದೇಣಿಗೆಗಿಂತ ವರ್ಷವರ್ಷವೂ ಬರುವ ಹಣ ಎಷ್ಟು ಮುಖ್ಯ ಎಂಬುದಕ್ಕೆ ಇದೇ ಸಾಕ್ಷಿ.

ಹಣ ಯಾರದ್ದು, ಭಾಷೆ ಯಾರದ್ದು?

ಇದು ಕಥೆಯ ಒಂದು ಮುಖ ಮಾತ್ರ. ನಿಜಾಮರ ಖಜಾನೆ ತುಂಬಿದ್ದು ತೆಲುಗು, ಮರಾಠಿ, ಕನ್ನಡ ರೈತರ ಕಂದಾಯದಿಂದ. ಸಂಸ್ಥಾನದಲ್ಲಿ ಉರ್ದು ಮನೆಮಾತಿನವರು ಅಲ್ಪಸಂಖ್ಯಾತರು. ಆದರೂ ಕಲಬುರಗಿ ಅಥವಾ ರಾಯಚೂರಿನ ಹುಡುಗ ಉಸ್ಮಾನಿಯಾದಲ್ಲಿ ಪದವಿ ಪಡೆಯಬೇಕೆಂದರೆ ಮೊದಲು ಉರ್ದುವಿನಲ್ಲಿ ಪಳಗಬೇಕಿತ್ತು. ಕೊಟ್ಟ ಕೈಯೇ ಕಲಿಯುವ ಭಾಷೆಯನ್ನೂ ತೀರ್ಮಾನಿಸಿತ್ತು.

1938ರಲ್ಲಿ ಹಾಸ್ಟೆಲ್‌ಗಳಲ್ಲಿ ವಂದೇ ಮಾತರಂ ಹಾಡಿದ ವಿದ್ಯಾರ್ಥಿಗಳನ್ನು ಉಸ್ಮಾನಿಯಾದಿಂದ ಹೊರಹಾಕಲಾಯಿತು. ಅವರಲ್ಲಿ ಅನೇಕರಿಗೆ ಆಸರೆಯಾಗಿದ್ದು ನಾಗಪುರ ವಿವಿ. ಮುಂದೆ ಪ್ರಧಾನಿಯಾದ ಪಿ.ವಿ. ನರಸಿಂಹ ರಾವ್ ಕೂಡ ಆ ದಿನಗಳಲ್ಲಿ ನಾಗಪುರಕ್ಕೆ ಹೋಗಿ ಓದಿದವರು. ಆ ಬಳಿಕ ರಜಾಕಾರರ ಹಾವಳಿ ಹಳ್ಳಿಗಳನ್ನು ನಡುಗಿಸಿತು. 1948ರ ಸೆಪ್ಟೆಂಬರ್‌ನಲ್ಲಿ ಭಾರತೀಯ ಸೇನೆಯ ಕಾರ್ಯಾಚರಣೆಯೊಂದಿಗೆ ನಿಜಾಮರ ಆಳ್ವಿಕೆ ಕೊನೆಗೊಂಡಿತು.

ನಂತರವೂ ನಿಂತಿಲ್ಲ ನೆರವು

1950ರಿಂದ 1956ರವರೆಗೆ ಹೈದರಾಬಾದ್ ರಾಜ್ಯದ ರಾಜಪ್ರಮುಖರಾಗಿದ್ದ ಅವರು ಸ್ವಂತ ಸಂಪತ್ತಿನಿಂದ ಹಲವು ಟ್ರಸ್ಟ್‌ಗಳನ್ನು ಕಟ್ಟಿದರು. ಅವುಗಳಲ್ಲಿ ನಿಜಾಮ್ ಚಾರಿಟಬಲ್ ಟ್ರಸ್ಟ್ ಶಿಕ್ಷಣಕ್ಕೂ ನೆರವಾಗುತ್ತಾ ಬಂದಿದೆ. 1967ರ ಫೆಬ್ರವರಿ 24ರಂದು ಅವರು ನಿಧನರಾದರು.

1956ರಲ್ಲಿ ಬೀದರ್, ಕಲಬುರಗಿ, ರಾಯಚೂರು ಕನ್ನಡ ನಾಡಿಗೆ ಸೇರಿದವು. ಎರಡೇ ವರ್ಷಗಳಲ್ಲಿ, ಅಂದರೆ 1958ರಲ್ಲಿ, ಮಹಾದೇವಪ್ಪ ರಾಂಪುರೆ ಅವರು ಕಲಬುರಗಿಯಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಕಟ್ಟಿದರು. ಅದೇ ವರ್ಷ ಎಂಜಿನಿಯರಿಂಗ್ ಕಾಲೇಜು ಶುರುವಾಯಿತು, 1963ರಲ್ಲಿ ವೈದ್ಯಕೀಯ ಕಾಲೇಜು ಬಂತು. ದೊರೆಯ ಫರ್ಮಾನಿಗೆ ಕಾಯಬೇಕಿದ್ದ ನೆಲದಲ್ಲಿ ಊರಿನವರೇ ಮುಂದೆ ನಿಂತು ಕಾಲೇಜು ಕಟ್ಟಿದ ಕಥೆಯಿದು.

ಉಸ್ಮಾನಿಯಾದಲ್ಲಿ ಇಂದು ಉರ್ದು ಕಡ್ಡಾಯವಲ್ಲ, ಫರ್ಮಾನೂ ಇಲ್ಲ. ಅಂದು ಹಾಕಿದ ಷರತ್ತುಗಳು ದೊರೆಯ ಜೊತೆಗೇ ಹೋದವು. ವಿದ್ಯಾರ್ಥಿಗಳಿಗೆ ಉಳಿದದ್ದು ತರಗತಿಗಳು ಮತ್ತು ಗ್ರಂಥಾಲಯ.