ಕಂಕನಾಡಿಯ ಕರುಣಾಮೂರ್ತಿ ಫಾದರ್ ಆಗಸ್ಟಸ್ ಮುಲ್ಲರ್

ಗುರುವಾಯನಕೆರೆಯಿಂದ ಬಂಟ್ವಾಳದ ಮಾರ್ಗವಾಗಿ ಮಂಗಳೂರಿನತ್ತ ರೋಗಿಗಳನ್ನು ಹೊತ್ತ ವಾಹನ ಹೋಗದ ದಿನವಿಲ್ಲ. ಅವುಗಳಲ್ಲಿ ಹಲವು ಸೇರುವುದು ನಮ್ಮ ಹಿರಿಯರು ‘ಕಂಕನಾಡಿ ಆಸ್ಪತ್ರೆ’ಯೆಂದೇ ಕರೆಯುವ ಫಾದರ್ ಮುಲ್ಲರ್ ಆಸ್ಪತ್ರೆಯನ್ನು. ಆ ಹೆಸರನ್ನು ದಿನವೂ ಉಚ್ಚರಿಸುವ ನಾವು ಆ ಹೆಸರಿನ ಮಹಾನುಭಾವನನ್ನು ಎಷ್ಟರಮಟ್ಟಿಗೆ ಬಲ್ಲೆವು? ನಮ್ಮ ಧರ್ಮಕೇಂದ್ರದ ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಅವರ ಜೀವನವನ್ನು ನೆನೆಯಲು ಇನ್ನೊಂದು ಕಾರಣವೂ ಉಂಟು. ನಮ್ಮ ಅನೇಕ ಮನೆಗಳ ಮಕ್ಕಳು ಇಂದು ಶುಶ್ರೂಷೆಯ ವೃತ್ತಿಯನ್ನು ಆರಿಸಿಕೊಂಡಿದ್ದಾರೆ. ಆ ವೃತ್ತಿಯ ಧರ್ಮವೇನೆಂಬುದನ್ನು ತಿಳಿಯಲು ಇದಕ್ಕಿಂತ ಹತ್ತಿರದ ಆದರ್ಶವನ್ನು ನಾವು ಕಾಣೆವು.

ಆಗಸ್ಟಸ್ ಮುಲ್ಲರ್ 1841ರ ಮಾರ್ಚ್ 13ರಂದು ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತದಲ್ಲಿ ಜನಿಸಿದರು. ತಾರುಣ್ಯದಲ್ಲಿಯೇ ಯೇಸುಸಭೆಯನ್ನು ಸೇರಿ, ಫ್ರಾನ್ಸ್ ಮತ್ತು ಅಮೆರಿಕಾ ದೇಶಗಳಲ್ಲಿ ವಾಸವಾಗಿದ್ದು, ಹೋಮಿಯೋಪಥಿಯ ಜ್ಞಾನವನ್ನೂ ಸಂಪಾದಿಸಿದರು. ಇತ್ತ ಮಂಗಳೂರಿನ ಕಥೋಲಿಕರು ತಮ್ಮ ಮಕ್ಕಳಿಗೆ ಉನ್ನತ ವಿದ್ಯಾಭ್ಯಾಸವನ್ನು ಬಯಸಿ ರೋಮಾಪುರಿಗೆ ಮೇಲಿಂದ ಮೇಲೆ ಮನವಿ ಸಲ್ಲಿಸಿದ್ದರು. ಪರಮಪೂಜ್ಯ ಹದಿಮೂರನೆಯ ಲಿಯೋ ಜಗದ್ಗುರುಗಳು 1878ರಲ್ಲಿ ಮಂಗಳೂರು ಮಿಷನನ್ನು ಯೇಸುಸಭೆಗೆ ಒಪ್ಪಿಸಿದರು. ಅದೇ ವರ್ಷದ ಡಿಸೆಂಬರ್ 31ರಂದು ಮಂಗಳೂರಿಗೆ ಬಂದಿಳಿದ ಮೊದಲ ಯೇಸುಸಭೆಯ ಗುರುಗಳಲ್ಲಿ ಫಾದರ್ ಮುಲ್ಲರ್ ಒಬ್ಬರು.

1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಅಧ್ಯಾಪನ, ಆಧ್ಯಾತ್ಮಿಕ ಸೇವೆಗಳ ನಡುವೆ ಫಾದರ್ ಮುಲ್ಲರರು ತಮ್ಮಲ್ಲಿಗೆ ಬಂದ ಅಸ್ವಸ್ಥರಿಗೆ ಔಷಧ ಕೊಡತೊಡಗಿದರು. ಸುದ್ದಿ ಹರಡಿತು, ಬಡವರು ಸಾಲುಗಟ್ಟಿದರು. ಅದೇ ವರ್ಷ ಕಂಕನಾಡಿಯಲ್ಲಿ, ಆಲದ ಮರವೊಂದರ ನೆರಳಿನಲ್ಲಿ ಅವರ ಔಷಧದಾನ ನಡೆಯಿತೆಂಬುದು ಜನಜನಿತವಾದ ಮಾತು. ಅದೇ ಮುಂದೆ ಬಡವರ ಹೋಮಿಯೋಪಥಿ ಔಷಧಾಲಯವೆಂದು ಪ್ರಸಿದ್ಧವಾಯಿತು.

ಈ ಔಷಧಾಲಯದ ವ್ಯವಸ್ಥೆಯಲ್ಲಿಯೇ ಒಂದು ನೀತಿ ಅಡಗಿದೆ. ಫಾದರ್ ಮುಲ್ಲರರು ಔಷಧಗಳನ್ನು ತಯಾರಿಸಿ ಅಂಚೆಯ ಮೂಲಕ ದೂರದೂರಿನವರಿಗೂ ಮಾರುತ್ತಿದ್ದರು. ಕೊಡಬಲ್ಲವರಿಂದ ಬಂದ ಹಣವು ಕೊಡಲಾರದವರ ಆರೈಕೆಗೆ ಸಲ್ಲುತ್ತಿತ್ತು. ದಾನಿಗಳ ಔದಾರ್ಯವನ್ನು ಮಾತ್ರ ನಂಬಿದ ಸೇವೆಯು ದಾನ ನಿಂತೊಡನೆ ನಿಲ್ಲುವುದು. ಆದುದರಿಂದ ದಯೆಗೆ ಲೆಕ್ಕಾಚಾರದ ಆಧಾರವೂ ಬೇಕೆಂಬುದನ್ನು ಅವರು ಕಾರ್ಯದಲ್ಲಿ ತೋರಿಸಿದರು.

ಆದರೆ ಅವರ ಜೀವನದ ಶಿಖರವನ್ನು ನಾವು ಕಾಣುವುದು 1890ರಲ್ಲಿ. ಆ ವರ್ಷ ಅವರು ಕುಷ್ಠರೋಗಿಗಳಿಗಾಗಿ ಕಂಕನಾಡಿಯಲ್ಲಿ ಆಶ್ರಮವೊಂದನ್ನು ತೆರೆದರು. ಮೊಲೊಕಾಯ್ ದ್ವೀಪದಲ್ಲಿ ಕುಷ್ಠರೋಗಿಗಳ ಸೇವೆ ಮಾಡುತ್ತಾ ಅದೇ ರೋಗಕ್ಕೆ ತುತ್ತಾದ ಸಂತ ದಮಿಯಾನರು 1889ರ ಏಪ್ರಿಲಿನಲ್ಲಿ ತೀರಿಕೊಂಡು ಆಗಿನ್ನೂ ಒಂದು ವರುಷವಷ್ಟೇ ಕಳೆದಿತ್ತು. ಆ ರೋಗವೆಂದರೆ ಲೋಕವೆಲ್ಲ ನಡುಗುತ್ತಿದ್ದ ಕಾಲ. ರೋಗ ತಗಲಿದವನನ್ನು ಹೆತ್ತವರೇ ಹೊರಗಟ್ಟುತ್ತಿದ್ದರು; ಬಾವಿ, ಸಂತೆ, ದೇವಾಲಯ ಎಲ್ಲವೂ ಅವನಿಗೆ ನಿಷಿದ್ಧವಾಗುತ್ತಿದ್ದವು.

ಇಲ್ಲಿ ನಾವು ಒಂದು ಸಂಗತಿಯನ್ನು ಚೆನ್ನಾಗಿ ಗಮನಿಸಬೇಕು. ಕುಷ್ಠರೋಗದ ಅಣುಜೀವಿಯನ್ನು ನಾರ್ವೆಯ ಹ್ಯಾನ್ಸೆನ್ ಎಂಬ ವೈದ್ಯರು 1873ರಲ್ಲಿಯೇ ಕಂಡುಹಿಡಿದಿದ್ದರು. ಆದರೆ ರೋಗವನ್ನು ಹತ್ತಿಕ್ಕಬಲ್ಲ ಮೊದಲ ಔಷಧ ಪ್ರಯೋಗಕ್ಕೆ ಬಂದುದು 1941ರಲ್ಲಿ. ಸಂಪೂರ್ಣ ಗುಣಪಡಿಸುವ ಬಹುಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ ವಿಧಿಸಿದ್ದು 1981ರಲ್ಲಿ. ಹೋಮಿಯೋಪಥಿಯ ಗುಣಾವಗುಣಗಳ ಚರ್ಚೆಯನ್ನು ವಿದ್ವಾಂಸರಿಗೆ ಬಿಡೋಣ. 1890ರಲ್ಲಿ ಯಾವ ಪದ್ಧತಿಯ ವೈದ್ಯರ ಬಳಿಯಲ್ಲಿಯೂ ಈ ರೋಗಕ್ಕೆ ಮದ್ದಿರಲಿಲ್ಲವೆಂಬುದು ನಿಶ್ಚಯ. ಹಾಗಿದ್ದ ಮೇಲೆ ಫಾದರ್ ಮುಲ್ಲರರು ಅವರಿಗೆ ಕೊಟ್ಟುದೇನು? ಒಂದು ಸೂರು, ಹೊತ್ತಿಗೆ ಅನ್ನ, ಹುಣ್ಣನ್ನು ತೊಳೆದು ಕಟ್ಟುವ ಕೈ, ಮನುಷ್ಯನೆಂಬ ಗೌರವ. ಗುಣಪಡಿಸಲಾಗದೆಡೆಯಲ್ಲಿಯೂ ಆರೈಕೆ ಮಾಡಲು ಸಾಧ್ಯ, ಆರೈಕೆಯು ಚಿಕಿತ್ಸೆಯ ಬಾಲವಲ್ಲ, ಅದೇ ಒಂದು ಸ್ವತಂತ್ರ ಧರ್ಮ ಎಂಬ ಪಾಠವನ್ನು ಕಂಕನಾಡಿಯು ನಮಗೆ ಅಂದೇ ಕಲಿಸಿತು.

ಮುಂದೆ ಇತರ ರೋಗಿಗಳಿಗೂ ಆಸ್ಪತ್ರೆ ಬೆಳೆಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪ್ಲೇಗು ಮಾರಿ ಕರಾವಳಿಯನ್ನು ಹೊಕ್ಕು, ಜನರು ಮನೆಮಠ ತೊರೆದು ಓಡುತ್ತಿದ್ದಾಗ ಪ್ಲೇಗು ರೋಗಿಗಳಿಗೂ ಫಾದರ್ ಮುಲ್ಲರರು ಆಶ್ರಯವನ್ನು ಒದಗಿಸಿದರು. ಜಾತಿಮತಗಳ ವಿಚಾರಣೆ ಅಲ್ಲಿರಲಿಲ್ಲ. ಮೂರು ದಶಕಗಳ ಅವಿರತ ಸೇವೆಯಿಂದ ದೇಹ ಬಳಲಿದ ಅವರು 1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನವೇ, ದೈವಾಧೀನರಾದರು. ಅವರು ನೆಟ್ಟ ಸಸಿಯನ್ನು ಮಂಗಳೂರು ಧರ್ಮಪ್ರಾಂತ ಪೋಷಿಸಿತು. ಇಂದು ಅಲ್ಲಿ ಹೋಮಿಯೋಪಥಿ ಹಾಗೂ ವೈದ್ಯಕೀಯ ಕಾಲೇಜುಗಳೊಡನೆ ನರ್ಸಿಂಗ್ ಕಾಲೇಜೂ ನಡೆಯುತ್ತಿದೆ.

ನರ್ಸಿಂಗ್ ವಿದ್ಯಾರ್ಥಿಗಳು ದೀಪ ಹಿಡಿದು ಪ್ರತಿಜ್ಞೆ ಸ್ವೀಕರಿಸುವ ಸಮಾರಂಭವನ್ನು ನಮ್ಮಲ್ಲಿ ಅನೇಕ ತಂದೆತಾಯಂದಿರು ಕಣ್ತುಂಬ ನೋಡಿದ್ದಾರೆ. ಫ್ಲಾರೆನ್ಸ್ ನೈಟಿಂಗೇಲರ ಹೆಸರಿನ ಆ ಪ್ರತಿಜ್ಞೆಯು 1893ರಲ್ಲಿ ಅಮೆರಿಕಾದ ಡೆಟ್ರಾಯಿಟ್ ನಗರದಲ್ಲಿ ರಚಿತವಾದುದು. ರೋಗಿಯ ಗುಟ್ಟನ್ನು ಕಾಪಾಡುವುದು, ಹಾನಿಕರವಾದುದನ್ನು ಮಾಡದಿರುವುದು ಅದರ ಮುಖ್ಯ ವಿಧಿಗಳು. 1953ರಲ್ಲಿ ದಾದಿಯರ ಅಂತರರಾಷ್ಟ್ರೀಯ ಮಂಡಳಿಯೂ ನೀತಿಸಂಹಿತೆಯೊಂದನ್ನು ಅಂಗೀಕರಿಸಿತು. ಕಾಲಕಾಲಕ್ಕೆ ಪರಿಷ್ಕೃತವಾದ ಆ ಸಂಹಿತೆಯು ಆರೋಗ್ಯವನ್ನು ಬೆಳೆಸುವುದು, ರೋಗವನ್ನು ತಡೆಯುವುದು, ಆರೋಗ್ಯವನ್ನು ಮರಳಿ ತರುವುದು, ನೋವನ್ನು ತಗ್ಗಿಸುವುದು ಎಂಬ ಕರ್ತವ್ಯಗಳನ್ನು ಹೇಳುತ್ತದೆ. ಮೊದಲ ಮೂರೂ ಕೈಗೂಡದಿದ್ದರೂ ಕೊನೆಯದು ಉಳಿಯುತ್ತದೆ. ಫಾದರ್ ಮುಲ್ಲರರು ಕುಷ್ಠಾಶ್ರಮದಲ್ಲಿ ಕೈಗೊಂಡುದು ಅದನ್ನೇ.

ಈ ಪಾಠ ಓದಿದಷ್ಟು ಸುಲಭವಲ್ಲ. ಗುರುಮಠದಲ್ಲಿದ್ದಾಗ ಒಂದು ಭಾನುವಾರ ನಮ್ಮನ್ನು ಕುಷ್ಠರೋಗಿಗಳ ಆಶ್ರಮವೊಂದಕ್ಕೆ ಕಳುಹಿಸಿದ್ದರು. ಬೆರಳುಗಳಿಲ್ಲದ ವೃದ್ಧರೊಬ್ಬರು ಪ್ರೀತಿಯಿಂದ ನಮ್ಮತ್ತ ಕೈ ಚಾಚಿದರು. ನಾವು ಚಟ್ಟನೆ ಎರಡು ಕೈ ಜೋಡಿಸಿ ನಮಸ್ಕರಿಸಿಬಿಟ್ಟೆವು. ಅದು ಗೌರವವಲ್ಲ, ಮುಟ್ಟುವ ಭಯವೆಂದು ಅವರಿಗೆ ತಿಳಿಯಿತು. ಚಾಚಿದ ಕೈಯನ್ನು ಮೆಲ್ಲನೆ ಹಿಂತೆಗೆದುಕೊಂಡರು. ಪಕ್ಕದಲ್ಲಿ ಅವರ ಪಾದದ ಹುಣ್ಣು ತೊಳೆಯುತ್ತಿದ್ದ ಯುವ ದಾದಿ ನಮ್ಮನ್ನೊಮ್ಮೆ ನೋಡಿ, ಏನೂ ಹೇಳದೆ, ತನ್ನ ಕೆಲಸ ಮುಂದುವರಿಸಿದಳು. ದೈವಶಾಸ್ತ್ರದ ಗ್ರಂಥಗಳನ್ನು ಓದುತ್ತಿದ್ದವರು ನಾವು. ಅದನ್ನು ಬಾಳುತ್ತಿದ್ದವಳು ಆಕೆ. ಆ ವೃದ್ಧರಲ್ಲಿ ಕ್ಷಮೆ ಕೇಳುವ ಅವಕಾಶ ನಮಗೆ ಮತ್ತೆ ದೊರೆಯಲಿಲ್ಲ.

ಇಂದು ಕುಷ್ಠಕ್ಕೆ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ ಔಷಧ ದೊರೆಯುತ್ತದೆ. ಯಂತ್ರಗಳು ಬಂದಿವೆ, ತಜ್ಞರಿದ್ದಾರೆ. ಆದರೆ ಗುಣವಾಗದ ರೋಗಗಳು ಇಂದಿಗೂ ಇವೆ. ಹಾಸಿಗೆ ಹಿಡಿದ ವೃದ್ಧರು ನಮ್ಮ ಮನೆಗಳಲ್ಲಿಯೇ ಇದ್ದಾರೆ. ಇನ್ನು ಮಾಡುವುದೇನೂ ಇಲ್ಲವೆಂದು ವೈದ್ಯರು ಹೇಳಿದ ಘಳಿಗೆಯಿಂದ ಅಂಥವರ ಕೋಣೆಗೆ ಕಾಲಿಡುವವರೇ ಕಡಿಮೆಯಾಗುತ್ತಾರೆ. ವಾಸ್ತವವಾಗಿ ಆ ಘಳಿಗೆಯಿಂದಲೇ ಮಾಡಬೇಕಾದುದು ಹೆಚ್ಚು: ಮಗ್ಗುಲು ಬದಲಿಸುವುದು, ಬಾಯಿ ಒದ್ದೆ ಮಾಡುವುದು, ಮೈ ಒರೆಸುವಾಗ ಬಾಗಿಲು ಮುಂದೆ ಮಾಡುವುದು, ಹಣದ ಮಾತನ್ನು ಅವರ ಕಿವಿಗೆ ಬೀಳದಂತೆ ಆಡುವುದು, ಹೆಸರು ಹಿಡಿದು ಮಾತನಾಡಿಸುವುದು. ಇವಕ್ಕೆ ಪದವಿಯ ಅಗತ್ಯವಿಲ್ಲ.

ಯೆರಿಕೋವಿನ ದಾರಿಯಲ್ಲಿ ಬಿದ್ದವನ ಗಾಯಕ್ಕೆ ಎಣ್ಣೆ ದ್ರಾಕ್ಷಾರಸ ಹೊಯ್ದು ಕಟ್ಟಿ, ಛತ್ರದವನಿಗೆ ಎರಡು ನಾಣ್ಯ ಕೊಟ್ಟು, ಮತ್ತೆ ಬರುವೆನೆಂದ ಸಮಾರಿಯದವನನ್ನು ಪ್ರಭು ನಮ್ಮೆದುರಿಗೆ ನಿಲ್ಲಿಸಿದ್ದಾರೆ. ಫಾದರ್ ಮುಲ್ಲರರು ಮಂಗಳೂರಿನಲ್ಲಿ ಆ ದಾರಿಯನ್ನೇ ತುಳಿದರು. ಶುಶ್ರೂಷೆಗೆ ಹೊರಟ ನಮ್ಮ ಮಕ್ಕಳು ಎಲ್ಲಿಯೇ ಇರಲಿ, ಈ ಮಣ್ಣಿನ ಈ ಪರಂಪರೆಯನ್ನು ಮರೆಯದಿರಲಿ. ಶತಮಾನವನ್ನು ದಾಟಿದ ನಮ್ಮ ಇಗರ್ಜಿಯ ಪ್ರತಿಯೊಂದು ಮನೆಯಲ್ಲಿಯೂ ರೋಗಿಯ ಹಾಸಿಗೆಯ ಬಳಿ ಒಂದು ಕುರ್ಚಿ ಬರಿದಾಗದಿರಲೆಂದು ಪ್ರಭುವಿನಲ್ಲಿ ಪ್ರಾರ್ಥಿಸುತ್ತೇವೆ.