ಅಪ್ಪನ ಬಟ್ಟೆ ಕತ್ತರಿಸಿ ಹೊಲಿದ ದಿನ



ಭಾನುವಾರದ ಬಲಿಪೂಜೆ ಮುಗಿದು ನೀವು ದೇವಾಲಯದ ಅಂಗಳದಲ್ಲಿ ನಾಲ್ಕು ಮಂದಿಯೊಡನೆ ಮಾತನಾಡುತ್ತಾ ನಿಂತಿರುವಾಗ ನಿಮ್ಮ ಮಗ ಎಲ್ಲಿರುತ್ತಾನೆ ಎಂದು ಗಮನಿಸಿದ್ದೀರಾ? ಗುರುಗಳ ಅಂತಿಮ ಆಶೀರ್ವಾದ ಮುಗಿಯುವುದೇ ತಡ, ಪಕ್ಕದ ಬಯಲಿನಲ್ಲಿ ಮೂರು ಕೋಲು ನೆಟ್ಟು ಆಟ ಶುರುವಾಗಿರುತ್ತದೆ. ಸಾಗರವಾಗಲಿ, ಹೊಸನಗರವಾಗಲಿ, ತೀರ್ಥಹಳ್ಳಿಯಾಗಲಿ, ಈ ನೋಟಕ್ಕೆ ವ್ಯತ್ಯಾಸವಿಲ್ಲ. ಅವನನ್ನು ಕರೆದು ಗದರಿಸುವ ನಿಮ್ಮ ಕಷ್ಟವೂ ಅರ್ಥವಾಗುವಂಥದ್ದೇ. ನಮ್ಮ ಅನೇಕ ಮನೆಗಳ ಹಿರಿಯರು ಘಟ್ಟದ ಕೆಳಗಿನಿಂದ ಬಂದವರು. ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿಗೆ, ಹುಲಿಕಲ್ ಘಾಟಿ ಹತ್ತಿ ಹೊಸನಗರಕ್ಕೆ, ಗೇರುಸೊಪ್ಪೆಯ ದಾರಿಯಾಗಿ ಸಾಗರಕ್ಕೆ ಬಂದು ಕೂಲಿಯೋ, ಗಾರೆ ಕೆಲಸವೋ, ಮರಗೆಲಸವೋ ಮಾಡಿ ಒಂದು ಸೂರು ಕಟ್ಟಿಕೊಂಡವರು. ಹಾಗೆ ಬಂದವರ ಮನೆಯಲ್ಲಿ ಮಗನ ಆಟವೆಂದರೆ ಕೈಗೆ ಬಂದ ತುತ್ತನ್ನು ಚೆಲ್ಲಿದಂತೆ ಕಾಣುವುದು ಸಹಜ.

ಅಂಥದೇ ಒಂದು ಮನೆಯ ಹುಡುಗನ ಕಥೆಯನ್ನು ಈ ವಾರ ನಿಮಗೆ ಹೇಳಬೇಕೆನಿಸಿತು. ಆತ ನಮ್ಮ ಸಭೆಯವನಲ್ಲ, ಸಂತನೂ ಅಲ್ಲ. ಆದರೆ ನಮ್ಮಲ್ಲಿ ಅನೇಕರ ಪೂರ್ವಿಕರ ಊರಾದ ಕರಾವಳಿಯ ಮಣ್ಣಿನವನೇ. ಹೆಸರು ಬುಧಿಸಾಗರ ಕೃಷ್ಣಪ್ಪ ಕುಂದರನ್. ಹಳೆಯ ತಲೆಮಾರಿನ ರೇಡಿಯೋ ಕೇಳುಗರಿಗೆ ಬುಧಿ ಕುಂದರನ್ ಎಂದರೆ ಸಾಕು.

1939ರ ಅಕ್ಟೋಬರ್ 2ರಂದು ಮುಲ್ಕಿಯಲ್ಲಿ ಹುಟ್ಟಿದ ಮಗು ಅದು. ಆ ಕಾಲದಲ್ಲಿ ದಕ್ಷಿಣ ಕನ್ನಡದ ಬಡವರಿಗೆ ಎರಡು ದಾರಿಗಳಿದ್ದವು. ಒಂದು ಘಟ್ಟ ಹತ್ತುವುದು, ಇನ್ನೊಂದು ಹಡಗು ಹತ್ತುವುದು. ಘಟ್ಟ ಹತ್ತಿದವರು ನಮ್ಮವರಾದರು. ಹಡಗು ಹತ್ತಿದವರು ಮುಂಬಯಿ ಸೇರಿದರು. ಅಲ್ಲಿ ಹೋಟೆಲುಗಳಲ್ಲಿ, ಅಂಗಡಿಗಳಲ್ಲಿ, ಕಾರ್ಖಾನೆಗಳಲ್ಲಿ ದುಡಿದು, ರಾತ್ರಿ ಶಾಲೆಗಳಲ್ಲಿ ಕನ್ನಡ ಕಲಿತು, ಊರಿಗೆ ಮನಿಯಾರ್ಡರ್ ಕಳಿಸಿದವರ ಸಂಖ್ಯೆ ಸಣ್ಣದಲ್ಲ. ಕುಂದರನ್ ಕುಟುಂಬವೂ ಮುಂಬಯಿಗೆ ಹೋಯಿತು. ಮನೆ ಚಿಕ್ಕದು, ಮಂದಿ ಹೆಚ್ಚು. ಮುಂಬಯಿಯ ಒಂದು ಕೋಣೆಯ ಬದುಕನ್ನು ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿಯಾದರೆ ಗಂಡುಮಕ್ಕಳು ಚಾಪೆ ಹಿಡಿದು ಹೊರಗೆ ಜಾಗ ಹುಡುಕಬೇಕು.

ಹುಡುಗನಿಗೆ ಕ್ರಿಕೆಟಿನ ಹುಚ್ಚು. ತಂದೆಗೆ ಅದು ಸುತರಾಂ ಇಷ್ಟವಿಲ್ಲ. ಇಲ್ಲಿ ತಂದೆಯನ್ನು ದೂರಲು ನನಗೆ ಮನಸ್ಸಿಲ್ಲ. ಊರು ಬಿಟ್ಟು ಬಂದವನಿಗೆ ಬೀಳುವ ಭಯ ಸದಾ ಇರುತ್ತದೆ. ಜಮೀನಿಲ್ಲ, ನಂಟರಿಲ್ಲ, ಕೆಳಗೆ ಬಿದ್ದರೆ ಹಿಡಿಯುವವರಿಲ್ಲ. ಮಗ ಓದಿ ಒಂದು ಗುಮಾಸ್ತೆಯ ಕುರ್ಚಿಯಲ್ಲಿ ಕೂತರೆ ಸಾಕು ಎಂಬುದೇ ಅವನ ದೊಡ್ಡ ಕನಸು. ಮೇಲಾಗಿ ಕ್ರಿಕೆಟು ಆಗ ಬಿಳಿ ಷರಾಯಿ, ಬಿಳಿ ಅಂಗಿ, ಬಿಳಿ ಬೂಟಿನ ಆಟ. ಅನ್ನಕ್ಕೆ ಲೆಕ್ಕ ಹಾಕುವ ಮನೆಯಲ್ಲಿ ಅದಕ್ಕೆಲ್ಲಾ ದುಡ್ಡೆಲ್ಲಿ?

ಒಂದು ದಿನ ಶಾಲೆಯ ಪರವಾಗಿ ದೊಡ್ಡ ಪಂದ್ಯವೊಂದಕ್ಕೆ ಹುಡುಗನ ಹೆಸರು ಬಂತು. ತೊಡಲು ಬಿಳಿ ಬಟ್ಟೆಯಿಲ್ಲ. ತಂದೆಯನ್ನು ಕೇಳಿದರೆ ಸಹಾಯ ಸಿಗಲಿಲ್ಲ. ಆಗ ತಾಯಿ ಮಾಡಿದ್ದನ್ನು ಕೇಳಿ. ಆಕೆ ಗಂಡನ ಬಟ್ಟೆಗಳನ್ನೇ ತೆಗೆದು ಮಗನ ಕೈಗಿತ್ತು, ಅಳತೆಗೆ ಕತ್ತರಿಸಿಕೊಳ್ಳುವಂತೆ ಹೇಳಿದಳು! ಅಪ್ಪ ಬೇಡವೆಂದ ಆಟವನ್ನು ಮಗ ಅಪ್ಪನ ಬಟ್ಟೆಯಲ್ಲೇ ಆಡಿದ. ಆ ಪಂದ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಓಟ ಗಳಿಸಿದ, ಭಾವಚಿತ್ರ ಪತ್ರಿಕೆಯಲ್ಲಿ ಬಂತು. ಆಮೇಲೆ ತಂದೆಯ ಮನಸ್ಸು ಕರಗಿತು.

ಪ್ರಿಯ ತಾಯಂದಿರೇ, ಆ ಕತ್ತರಿಯನ್ನು ಸ್ವಲ್ಪ ಯೋಚಿಸಿ. ಒಂದು ಜೊತೆ ಒಳ್ಳೆಯ ಬಟ್ಟೆ ಎಂದರೆ ಆ ಮನೆಯಲ್ಲಿ ಸಣ್ಣ ಆಸ್ತಿ. ಮಗ ಸೊನ್ನೆಗೆ ಔಟಾಗಿ ಬಂದಿದ್ದರೆ ಅಂದು ಸಂಜೆ ಆ ತಾಯಿಯ ಪಾಡೇನಾಗುತ್ತಿತ್ತೋ! ಯೆರೂಸಲೇಮಿನ ದೇವಾಲಯದಲ್ಲಿ ಬಾಲ ಯೇಸು ಸಿಕ್ಕಿದಾಗ ಮಾತೆ ಮರಿಯಮ್ಮನಿಗೂ ಸಂತ ಜೋಸೆಫರಿಗೂ ಮಗನ ನಡತೆ ಅರ್ಥವಾಗಲಿಲ್ಲವೆಂದು ಸಂತ ಲೂಕರು ಬರೆದಿದ್ದಾರೆ. ಅರ್ಥವಾಗದಿದ್ದರೂ ತಾಯಿ ಅದನ್ನು ಹೃದಯದಲ್ಲಿಟ್ಟುಕೊಂಡಳು. ಜೋಸೆಫರೂ ವಲಸೆ ಹೋದವರೇ ತಾನೇ? ಮಗುವನ್ನೆತ್ತಿಕೊಂಡು ರಾತ್ರೋರಾತ್ರಿ ಈಜಿಪ್ಟಿಗೆ ನಡೆದವರು. ಮಗನಿಗೆ ತನ್ನ ಬಡಗಿ ಕಸುಬನ್ನೇ ಕಲಿಸಿದವರು. ಆ ಮಗ ಒಂದು ದಿನ ಉಳಿ, ಗರಗಸ ಕೆಳಗಿಟ್ಟು ಹೊರಟ.

ಮುಂದಿನದು ಸಿನಿಮಾದಂತೆ ವೇಗವಾಗಿ ನಡೆಯಿತು. 1959ರ ಕೊನೆಗೆ ರಿಚೀ ಬೆನೋ ನಾಯಕತ್ವದ ಆಸ್ಟ್ರೇಲಿಯ ತಂಡ ಭಾರತದಲ್ಲಿತ್ತು. ಮೂರನೆಯ ಟೆಸ್ಟ್ ಪಂದ್ಯಕ್ಕೆ ಆಯ್ಕೆಗಾರರು ವಿಕೆಟ್ ಕೀಪರನನ್ನು ಬದಲಿಸಿ, ರಣಜಿ ಟ್ರೋಫಿಯ ಒಂದು ಪಂದ್ಯವನ್ನೂ ಆಡಿರದ ಇಪ್ಪತ್ತರ ಕುಂದರನ್‌ರನ್ನು ತೆಗೆದುಕೊಂಡರು. ಪಂದ್ಯ ಮುಂಬಯಿಯ ಬ್ರೆಬೋರ್ನ್ ಕ್ರೀಡಾಂಗಣದಲ್ಲಿ 1960ರ ಜನವರಿ 1ರಂದು ಆರಂಭ. ಹಿಂದಿನ ರಾತ್ರಿ, ಅಂದರೆ ನಾವು ನೀವು ವರ್ಷಾಂತ್ಯದ ಆರಾಧನೆಗಾಗಿ ದೇವಾಲಯದಲ್ಲಿ ಸೇರುವ ರಾತ್ರಿ, ಭಾರತ ತಂಡದ ಈ ಹೊಸ ಆಟಗಾರ ಮಲಗಿದ್ದು ಮನೆಯ ಹತ್ತಿರದ ಉದ್ಯಾನದಲ್ಲಿ. ಮನೆಯೊಳಗೆ ಜಾಗವಿರಲಿಲ್ಲ. ಮರುದಿನ ಕೈಗೆ ತೊಟ್ಟ ಕೈಗವಸುಗಳು ಎರವಲು ತಂದವು. ಕೊಟ್ಟವರು ಯಾರೆಂದುಕೊಂಡಿರಿ? ಅದೇ ಪಂದ್ಯದಲ್ಲಿ ತಮ್ಮ ಸ್ಥಾನವನ್ನು ಈ ಹುಡುಗನಿಗೆ ಬಿಟ್ಟುಕೊಡಬೇಕಾಗಿ ಬಂದ ನರೇನ್ ತಮ್ಹಾಣೆ! ಈ ಕಥೆಯಲ್ಲಿ ನನಗೆ ಕುಂದರನ್‌ರಷ್ಟೇ ದೊಡ್ಡವರಾಗಿ ಕಾಣುವವರು ಈ ತಮ್ಹಾಣೆ. ತನ್ನ ಅನ್ನ ಕಸಿದವನಿಗೆ ತನ್ನ ತಟ್ಟೆಯನ್ನೇ ಕೊಟ್ಟ ಮನುಷ್ಯ.

ಮದರಾಸಿನ ಮುಂದಿನ ಪಂದ್ಯದಲ್ಲಿ ಭಾರತ 149ಕ್ಕೆ ಮುಗಿದುಹೋಯಿತು. ಅದರಲ್ಲಿ 71 ಕುಂದರನ್ ಒಬ್ಬರದೇ. ಆಮೇಲೆ ರೈಲ್ವೇಸ್ ತಂಡದ ಪರವಾಗಿ ಮೊದಲ ಬಾರಿ ರಣಜಿ ಆಡಲಿಳಿದಾಗ ಜಮ್ಮು ಮತ್ತು ಕಾಶ್ಮೀರದ ಎದುರು 205 ಓಟ. ಮೊದಲ ರಣಜಿ ಪಂದ್ಯದಲ್ಲೇ ದ್ವಿಶತಕ ಎಂದೊಡನೆ ನಮ್ಮ ಜಿಲ್ಲೆಯವರಿಗೆ ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ನೆನಪಾಗಬೇಕು. ಮೈಸೂರಿನ ಪರವಾಗಿ 1967ರಲ್ಲಿ ವಿಜಯವಾಡದಲ್ಲಿ ಅವರು ಆಂಧ್ರದ ಎದುರು 230 ಹೊಡೆದದ್ದು ಹಾಗೆಯೇ. ಮುಂದೆ ಕುಂದರನ್ ಕೂಡ ಮೈಸೂರು ತಂಡಕ್ಕೇ ಬಂದು ಆಡಿದರು. ಊರು ಬಿಟ್ಟು ಹೋದ ಮನೆಯ ಮಗ ಒಂದು ಸುತ್ತು ಹಾಕಿ ಕನ್ನಡನಾಡಿನ ತಂಡಕ್ಕೇ ಬಂದಂತಾಯಿತು.

ಆದರೆ ಬಾಗಿಲು ತೆರೆದದ್ದು ತೆರೆದೇ ಇರುವುದಿಲ್ಲ. 1961ರಲ್ಲಿ ಫರೂಕ್ ಇಂಜಿನಿಯರ್ ಬಂದರು. ಅವರೂ ವಿಕೆಟ್ ಕೀಪರ್, ಅವರೂ ಬಿರುಸಿನ ಬ್ಯಾಟುಗಾರ. ಕೀಪರನ ಸ್ಥಾನವೋ ತಂಡಕ್ಕೆ ಒಂದೇ. ಅಂದಿನಿಂದ ಒಬ್ಬರು ಒಳಗೆ, ಒಬ್ಬರು ಹೊರಗೆ ಎಂಬ ಪಾಡು.

1964ರ ಜನವರಿ 10ರಂದು ಮದರಾಸಿನಲ್ಲಿ ಇಂಗ್ಲೆಂಡಿನ ಎದುರು ಕುಂದರನ್ ವಿಜಯ್ ಮೆಹ್ರಾ ಅವರೊಡನೆ ಆಟ ಆರಂಭಿಸಿದರು. ಆ ಕಾಲದ ಟೆಸ್ಟ್ ಆಟವೆಂದರೆ ತೂಕಡಿಸುವ ಆಟ. ನಂಬದಿದ್ದರೆ ಕೇಳಿ: ಅದೇ ಪಂದ್ಯದಲ್ಲಿ ಬಾಪು ನಾಡಕರ್ಣಿ ಸತತ 21 ಓವರುಗಳನ್ನು ಒಂದೂ ಓಟ ಕೊಡದೆ ಎಸೆದರು! ಅಂಥ ಪಂದ್ಯದ ಮೊದಲ ದಿನ ಸಂಜೆಯ ಹೊತ್ತಿಗೆ ಕುಂದರನ್ ಒಬ್ಬರೇ 170 ಗಳಿಸಿ ಔಟಾಗದೆ ನಿಂತಿದ್ದರು. ಮರುದಿನ 192ಕ್ಕೆ ಟಿಟ್ಮಸ್ ಚೆಂಡಿಗೆ ಔಟಾದರು. ದ್ವಿಶತಕಕ್ಕೆ ಎಂಟು ಕಡಿಮೆ. ದೆಹಲಿಯಲ್ಲಿ ಮತ್ತೊಂದು ಶತಕ. ಐದು ಪಂದ್ಯಗಳಲ್ಲಿ ಒಟ್ಟು 525 ಓಟ. ಒಂದೇ ಸರಣಿಯಲ್ಲಿ ಐನೂರು ದಾಟಿದ ಮೊದಲ ವಿಕೆಟ್ ಕೀಪರ್ ಅವರು.

ಇಷ್ಟಾದ ಮೇಲೆ ಅವರ ಸ್ಥಾನ ಭದ್ರವಾಯಿತೆಂದು ನೀವು ಭಾವಿಸಬಹುದು. ಹಾಗಾಗಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಆಸ್ಟ್ರೇಲಿಯ ಬಂದಾಗ ಇಂದ್ರಜಿತ್‌ಸಿಂಹಜಿ ಕೀಪರ್ ಆದರು. ಮರುವರ್ಷ ನ್ಯೂಜಿಲೆಂಡ್ ಬಂದಾಗ ಇಂಜಿನಿಯರ್. ಕುಂದರನ್‌ಗೆ ಮತ್ತೆ ಕರೆ ಬಂದದ್ದು 1966ರ ಡಿಸೆಂಬರಿನಲ್ಲಿ, ಹೆಚ್ಚುಕಡಿಮೆ ಮೂರು ವರ್ಷ ಕಳೆದ ಮೇಲೆ. ಮುಂಬಯಿಯಲ್ಲಿ ವೆಸ್ಟ್ ಇಂಡೀಸಿನ ಎದುರು 79 ಹೊಡೆದರು. ಮೂರನೆಯ ಪಂದ್ಯದ ಹೊತ್ತಿಗೆ ಮತ್ತೆ ಹೊರಗೆ.

ಈ ಭಾಗವನ್ನು ಬರೆಯುವಾಗ ನನಗೆ ಆ ತಂದೆಯೇ ಕಣ್ಣ ಮುಂದೆ ಬರುತ್ತಾನೆ. ಆಟ ಅನ್ನ ಹಾಕುವುದಿಲ್ಲವೆಂಬ ಅವನ ಭಯ ಪೂರ್ತಿ ಸುಳ್ಳಾಗಿತ್ತೇ? ಆಗ ಒಂದು ಟೆಸ್ಟ್ ಪಂದ್ಯಕ್ಕೆ ಸಿಗುತ್ತಿದ್ದುದು ಕೆಲವು ನೂರು ರೂಪಾಯಿ. ದೇಶಕ್ಕೆಲ್ಲಾ ಹೆಸರು ಗೊತ್ತಿದ್ದರೂ ಆಟಗಾರನ ಒಲೆ ಉರಿಯುತ್ತಿದ್ದುದು ರೈಲ್ವೆಯಂಥ ನೌಕರಿಯಿಂದ. ಹಾಗಾಗಿ ಕನಸು ಕಂಡ ಮಗ ಸರಿ, ತಡೆದ ತಂದೆ ತಪ್ಪು ಎಂದು ಗೆರೆ ಎಳೆಯಲು ನನಗೆ ಧೈರ್ಯವಿಲ್ಲ. ಮಕ್ಕಳನ್ನು ಕೆರಳಿಸಿ ಅವರ ಎದೆಗುಂದಿಸಬೇಡಿರೆಂದು ಸಂತ ಪೌಲರು ಕೊಲೊಸ್ಸೆಯ ತಂದೆಯರಿಗೆ ಬುದ್ಧಿ ಹೇಳಿದ್ದಾರೆ. ಅದಕ್ಕೆ ಮುಂಚೆಯೇ, ಮಕ್ಕಳು ತಂದೆತಾಯಿಯರ ಮಾತು ಕೇಳಬೇಕೆಂದೂ ಹೇಳಿದ್ದಾರೆ. ನಮಗೆ ಬೇಕಾದ ಸಾಲನ್ನಷ್ಟೇ ಓದುವ ಅಭ್ಯಾಸ ನಮ್ಮೆಲ್ಲರಿಗೂ ಇದೆ.

1967ರಲ್ಲಿ ಇಂಗ್ಲೆಂಡ್ ಪ್ರವಾಸ. ಲಾರ್ಡ್ಸ್ ಮೈದಾನದಲ್ಲಿ ಸರ್ದೇಸಾಯಿ ಗಾಯಗೊಂಡಾಗ ಆರಂಭ ಆಟಗಾರನ ಹೊಣೆ ಕುಂದರನ್ ಮೇಲೆ ಬಿತ್ತು. ಭಾರತ 110ಕ್ಕೆ ಕುಸಿದ ಆ ಆಟದಲ್ಲಿ ಅತಿ ಹೆಚ್ಚು ಗಳಿಸಿದವರು ಅವರೇ, 47. ಬರ್ಮಿಂಗ್‌ಹ್ಯಾಮಿನ ಪಂದ್ಯದಲ್ಲಿ ವೇಗದ ಬೌಲರುಗಳೇ ಉಳಿದಿರಲಿಲ್ಲ. ಮೈಸೂರಿನ ವಿ. ಸುಬ್ರಹ್ಮಣ್ಯ ಒಂದು ಕಡೆಯಿಂದ, ಕುಂದರನ್ ಇನ್ನೊಂದು ಕಡೆಯಿಂದ ಹೊಸ ಚೆಂಡು ಎಸೆದರು. ಯಾವ ಬಗೆಯ ಬೌಲಿಂಗ್ ಮಾಡುವಿಯೆಂದು ನಾಯಕ ಪಟೌಡಿ ವಿಚಾರಿಸಿದಾಗ, ಅದು ತನಗೂ ಗೊತ್ತಿಲ್ಲವೆಂದು ಇವರು ಒಪ್ಪಿಕೊಂಡ ಪ್ರಸಂಗವನ್ನು ಕ್ರಿಕೆಟ್ ಬಲ್ಲವರು ಇಂದಿಗೂ ನಕ್ಕು ಹೇಳುತ್ತಾರೆ. ಆ ಪಂದ್ಯದಲ್ಲಿ ಬ್ಯಾಟಿಂಗ್ ಆರಂಭಿಸಿದವರೂ ಅವರೇ. ಅದೇ ಅವರ ಕೊನೆಯ ಟೆಸ್ಟ್. ಒಟ್ಟು 18 ಪಂದ್ಯ, 981 ಓಟ, ಎರಡು ಶತಕ. ಸಾವಿರಕ್ಕೆ ಹತ್ತೊಂಬತ್ತು ಕಡಿಮೆ. ಆಗ ವಯಸ್ಸು ಇನ್ನೂ ಇಪ್ಪತ್ತೆಂಟು ತುಂಬಿರಲಿಲ್ಲ.

ಇಲ್ಲಿಂದ ಕಥೆ ತಿರುಗುತ್ತದೆ. ಮುಲ್ಕಿಯಿಂದ ಹೊರಟವರ ಮಗ ತಾನೇ ಹೊರಟ. 1970ರ ಹೊತ್ತಿಗೆ ಕುಂದರನ್ ಭಾರತದ ಕ್ರಿಕೆಟ್ಟಿಗೆ ಬೆನ್ನು ಮಾಡಿ ಸ್ಕಾಟ್ಲೆಂಡಿಗೆ ಹೋದರು. ಗ್ಲಾಸ್ಗೋ ನಗರದ ಪೂರ್ವಕ್ಕಿರುವ ಕೋಟ್‌ಬ್ರಿಜ್ ಊರಿನ ಡ್ರಂಪೆಲ್ಲಿಯರ್ ಕ್ಲಬ್ಬಿನ ವೃತ್ತಿಪರ ಆಟಗಾರರಾದರು. ಮುಲ್ಕಿಯ ಬಿಸಿಲಿನಲ್ಲಿ ಹುಟ್ಟಿದವರು ಬೇಸಿಗೆಯಲ್ಲೂ ಸ್ವೆಟರ್ ಬಿಚ್ಚದ ನಾಡಿನಲ್ಲಿ ಸಂಸಾರ ಹೂಡಿ, ಮಕ್ಕಳನ್ನು ಬೆಳೆಸಿದರು.

ಕೋಟ್‌ಬ್ರಿಜ್ ಬಗ್ಗೆ ಒಂದು ಮಾತು ಹೇಳಿಯೇ ಮುಂದೆ ಹೋಗುತ್ತೇನೆ, ಏಕೆಂದರೆ ಅದು ನಮ್ಮವರ ಊರು. ಹತ್ತೊಂಬತ್ತನೆಯ ಶತಮಾನದ ನಡುವೆ ಐರ್ಲೆಂಡಿನಲ್ಲಿ ಭೀಕರ ಕ್ಷಾಮ ಬಿದ್ದಾಗ ಹಸಿದ ಕಥೋಲಿಕರು ಸಮುದ್ರ ದಾಟಿ ಬಂದು ಅಲ್ಲಿನ ಕಬ್ಬಿಣದ ಕುಲುಮೆಗಳಲ್ಲಿ, ಕಲ್ಲಿದ್ದಲ ಗಣಿಗಳಲ್ಲಿ ದುಡಿದರು. ಪಕ್ಕದ ಗ್ಲಾಸ್ಗೋದಲ್ಲಿ ಅಂಥವರ ಮಕ್ಕಳು ಊಟಕ್ಕಿಲ್ಲದೆ ಶಾಲೆಗೆ ಬರುತ್ತಿದ್ದುದನ್ನು ಕಂಡ ಮಾರಿಸ್ಟ್ ಸಭೆಯ ಬ್ರದರ್ ವಾಲ್ಫ್ರಿಡ್, 1887ರ ನವೆಂಬರಿನಲ್ಲಿ ಸಂತ ಮೇರಿಯವರ ದೇವಾಲಯದ ಸಭಾಂಗಣದಲ್ಲಿ ನಾಲ್ಕು ಮಂದಿಯನ್ನು ಸೇರಿಸಿ ಒಂದು ಫುಟ್‌ಬಾಲ್ ಕ್ಲಬ್ ಕಟ್ಟಿದರು. ಆಟದಿಂದ ಬಂದ ಹಣದಲ್ಲಿ ಮಕ್ಕಳಿಗೆ ಊಟ. ಅದೇ ಇಂದು ಜಗತ್ತಿಗೆಲ್ಲಾ ಗೊತ್ತಿರುವ ಸೆಲ್ಟಿಕ್ ತಂಡ. ಆಟ ಅನ್ನ ಹಾಕುತ್ತದೆಯೇ ಎಂಬ ನಮ್ಮ ಹಳೆಯ ಪ್ರಶ್ನೆಗೆ ಒಬ್ಬ ಬ್ರದರು ಕೊಟ್ಟ ಉತ್ತರ ಅದು. ಅಂಥ ವಲಸೆಗಾರರ ಮೊಮ್ಮಕ್ಕಳ ನಡುವೆ ಹೋಗಿ ನೆಲೆಸಿದರು ನಮ್ಮ ಕರಾವಳಿಯ ವಲಸೆಗಾರ.

ಅಲ್ಲಿಯೂ ಅವರು ಬ್ಯಾಟು ಕೆಳಗಿಡಲಿಲ್ಲ. ವರ್ಷಗಟ್ಟಲೆ ಕ್ಲಬ್ಬಿನ ಪರವಾಗಿ ಆಡಿದರು. 1980ರ ದಶಕದ ಆರಂಭದಲ್ಲಿ, ನಲವತ್ತು ದಾಟಿದ ಮೇಲೆ, ಬೆನ್ಸನ್ ಅಂಡ್ ಹೆಡ್ಜಸ್ ಕಪ್ಪಿನಲ್ಲಿ ಸ್ಕಾಟ್ಲೆಂಡ್ ತಂಡದ ಪರವಾಗಿಯೂ ಕಣಕ್ಕಿಳಿದರು. ತಾನು ಹುಟ್ಟಿದ ದೇಶ ಹೊರಗಿಟ್ಟ ಆಟಗಾರನನ್ನು ತಾನು ವಲಸೆ ಹೋದ ದೇಶ ಕರೆದು ಆಡಿಸಿತು.

ಅಪ್ಪನ ಬಟ್ಟೆ ತೊಟ್ಟು ಹೋದ ಹುಡುಗ 2006ರ ಜೂನ್ 23ರಂದು ಗ್ಲಾಸ್ಗೋದಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ವಯಸ್ಸು 66. ಆ ದಿನಗಳಲ್ಲಿ ಮುಲ್ಕಿಯಲ್ಲಿ ಮುಂಗಾರು ಮಳೆ.